ಕಾಕಾನ ತಕ್ಕಡಿ, ವಾರೆಗತ್ತಿನ ಕೋಳಿ

ನಮ್ಮ ಕಾಕಾನ ಕಣ್ಣಿನಲ್ಲಿ ಏನೋ ಐಬಿದೆ ಎಂದು ಬೀದರದಲ್ಲಿ ಬಹಳ ಜನ ಹೇಳುತ್ತಾರೆ. ನೀವು ನಂಬಬೇಡಿ! ಕಾಕಾನ ಕಣ್ಣುಗಳು ಸರಿಯಾಗಿಯೇ ಇವೆ. ಐಬು ಇರುವುದು ಲೋಕದಲ್ಲಿ. ಲೋಕ ಒಂದು ಕೂದಲೆಳೆಯಷ್ಟು ಎಡಕ್ಕೆ ವಾಲಿದೆ, ಅದು ಇಡೀ ಊರಿನಲ್ಲಿ ಅವರೊಬ್ಬರಿಗೇ ಕಾಣುತ್ತದೆ, ಅಷ್ಟೇ.

ಕಾಕಾ ಗಾಂಧಿ ಗಂಜ್ ಎಂಬ ಕಾಳಿನ ಪೇಟೆಯಲ್ಲಿ ತೂಕ ಮಾಡುವವರು. ಮೂವತ್ತು ವರ್ಷ ತೊಗರಿ, ಹೆಸರು, ಉದ್ದು ತೂಗಿ ತೂಗಿ ಅವರ ದೃಷ್ಟಿ ತಕ್ಕಡಿಯ ಮುಳ್ಳಿಗೆ ಅಂಟಿಕೊಂಡುಬಿಟ್ಟಿದೆ. ಮುಳ್ಳು ನಟ್ಟನಡುವೆ ನಿಲ್ಲದೆ ಅವರ ಬಾಯಿಂದ ತೂಕ ಹೊರಡುವುದಿಲ್ಲ. ಈ ರೂಢಿ ಗಂಜಿನಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಕಾಕಾ ಅದನ್ನು ದಿನಾ ಸಂಜೆ ಮನೆಗೂ ತರುತ್ತಿದ್ದರು. ಗೋಡೆಯ ಕ್ಯಾಲೆಂಡರು, ಹಾಸಿಗೆಯ ಚಾದರ, ಎದುರು ಮನೆಯ ಬಾಗಿಲ ತೋರಣ, ಎಲ್ಲವೂ ಅವರ ಕೈಯಲ್ಲಿ ನೆಟ್ಟಗಾಗಬೇಕು. ದಾರಿಯಲ್ಲಿ ಹೋಗುವ ಗುರುತಿಲ್ಲದವರ ಟೋಪಿಯನ್ನೂ ಬಿಡುತ್ತಿರಲಿಲ್ಲ! "ಜರಾ ನಿಲ್ರಿ" ಎಂದು ಎರಡೂ ಕೈಯಿಂದ ಟೋಪಿ ಸರಿಪಡಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, "ಹಾಂ, ಈಗ ಹೋಗ್ರಿ" ಎಂದು ಅಪ್ಪಣೆ ಕೊಡುವರು.

ಇವರ ಹೆಂಡತಿ, ನಮ್ಮ ಕಾಕು, ತಮ್ಮ ಮದುವೆಯ ಕತೆಯನ್ನು ಇಂದಿಗೂ ಹೇಳುತ್ತಾರೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಮದುಮಗ ಕೈಯೆತ್ತಿ ಎಲ್ಲರನ್ನೂ ತಡೆದರಂತೆ. ಮದುಮಗಳ ಬಾಸಿಂಗ ವಾರೆಯಾಗಿತ್ತು! "ಮುಹೂರ್ತ ಮೀರ್ಲತ್ತದ್ರಿ" ಎಂದು ಸ್ವಾಮಿಗಳು ಒದ್ದಾಡಿದರೆ, "ಮುಹೂರ್ತ ನಾಳಿಗೂ ಬರ್ತದ್ರಿ, ಬಾಸಿಂಗ ಇವತ್ತೇ ನೆಟ್ಟಗಿರಬೇಕು" ಎಂದರಂತೆ. ಒಮ್ಮೆ ನಾನು ಅವರನ್ನು ಅಷ್ಟೂರಿನ ಸುಲ್ತಾನರ ಗುಮ್ಮಟಗಳನ್ನು ನೋಡಲು ಕರೆದುಕೊಂಡು ಹೋಗಿದ್ದೆ. ಸಿಡಿಲು ಬಡಿದು ಅರ್ಧ ಕುಸಿದ ಗುಮ್ಮಟದ ಮುಂದೆ ಬಹಳ ಹೊತ್ತು ನಿಂತರು. ಕಾಲದ ಮಹಿಮೆಯ ಬಗ್ಗೆ ಏನಾದರೂ ಹೇಳುತ್ತಾರೆ ಎಂದು ನಾನು ಕಾದೆ. "ಅರ್ಧ ಬಿದ್ದದ, ಆದ್ರ ಉಳಿದದ್ದು ನೆಟ್ಟಗದ. ಮಿಸ್ತ್ರಿಗಿ ಶಾಬಾಸ್ ಅನ್ಬೇಕು" ಎಂದರು.

ನಾನು ಕಮಲನಗರದವಳು. ಬೀದರದ ಸಾಲೆಯಲ್ಲಿ ಟೀಚರ್ ಕೆಲಸ ಸಿಕ್ಕ ಮೇಲೆ ಕಾಕಾನ ಮನೆಯಲ್ಲೇ ಇದ್ದೆ. ಹೀಗಾಗಿ ಮುಂದಿನದೆಲ್ಲ ನನ್ನ ಕಣ್ಣೆದುರೇ ನಡೆದದ್ದು.

ಆಗ ಎರಡನೇ ವರ್ಷವೂ ಮಳೆ ಕೈಕೊಟ್ಟಿತ್ತು. ಗಂಜಿನಲ್ಲಿ ಚೀಲಗಳಿಗಿಂತ ಹಮಾಲರೇ ಹೆಚ್ಚಾದರು, ಹಮಾಲರಿಗಿಂತ ಪಾರಿವಾಳಗಳು ಹೆಚ್ಚಾದವು. ಸ್ವಲ್ಪ ದಿನಕ್ಕೆ ಕಾಳು ಸಿಗದೆ ಪಾರಿವಾಳಗಳೂ ಹಾರಿಹೋದವು. ಕಾಕಾ ಮಾತ್ರ ದಿನಾ ಬೆಳಿಗ್ಗೆ ಹೋಗಿ ತಕ್ಕಡಿಯ ಧೂಳು ಒರೆಸಿ, ತೂಗುಹಾಕಿ, ಅದರ ಮುಂದೆ ಕುಳಿತಿರುತ್ತಿದ್ದರು. "ಏನ್ ತೂಗ್ಲತ್ತೀರಿ ಕಾಕಾ?" ಎಂದು ಹಮಾಲರು ಚೇಷ್ಟೆ ಮಾಡುವರು. "ಖಾಲಿ ತಕ್ಕಡಿನೂ ನೆಟ್ಟಗಿರಬೇಕಲ್ಲೋ!" ಎನ್ನುವರು ಇವರು.

ದೀಪಾವಳಿ ಮುಗಿದ ವಾರ ಗೋದಾಬಾಯಿ ಮನೆಗೆ ಬಂದಳು. ಔರಾದ ಕಡೆಯ ಹಳ್ಳಿಯವಳು. ಗಂಜಿನಲ್ಲಿ ಚೆಲ್ಲಿದ ಕಾಳು ಗುಡಿಸಿ, ಕೇರಿ, ಹಸನು ಮಾಡಿ ಬದುಕುತ್ತಿದ್ದವಳು. ಚೆಲ್ಲಲಿಕ್ಕೇ ಕಾಳಿಲ್ಲದ ವರ್ಷ ಅವಳು ಏನು ಗುಡಿಸಬೇಕು? ಗಂಡನ ಜೊತೆ ಪುಣೆಯ ಕಡೆಗೆ ಕಟ್ಟಡದ ಕೆಲಸಕ್ಕೆ ಹೊರಟಿದ್ದಳು. ಕೈಯಲ್ಲೊಂದು ಮುಚ್ಚಿದ ಬುಟ್ಟಿ ಇತ್ತು.

"ಅಣ್ಣಾರ, ಕೋಳಿ ಎಲ್ಲಾ ಮಾರ್ದೆ. ಇದೊಂದು ಯಾರೂ ತಗೊಳ್ಳವಲ್ರು" ಎಂದು ಮುಚ್ಚಳ ತೆಗೆದಳು.

ಒಳಗೆ ಒಂದೂವರೆ ತಿಂಗಳ ಕೋಳಿಮರಿ. ಅದರ ಕತ್ತು ಎಡಕ್ಕೆ ತಿರುಚಿಕೊಂಡು ಕೊಕ್ಕು ಆಕಾಶಕ್ಕೆ ಮುಖಮಾಡಿತ್ತು. ಹೊರಗೆ ಬಿಟ್ಟರೆ ಗಾಣದ ಎತ್ತಿನಂತೆ ಎಡಕ್ಕೆ ಎರಡು ಸುತ್ತು ಸುತ್ತಿ ಉರುಳಿಬಿತ್ತು.

"ಕೊಯ್ಲಿಕ್ಕ ಕೈ ಏಳಲಿಲ್ರಿ. ಬಿಟ್ಟು ಹೋದ್ರ ನಾಯಿ ಬಿಡಲ್ಲ. ನಿಮ್ಮ ಮನ್ಯಾಗ ಕೋಳಿ ತಿನ್ನಲ್ಲ, ಅದಕ್ಕ ನಿಮ್ಮ ಹತ್ರ ತಂದೀನಿ" ಎಂದಳು.

ಎಂಥ ಲೆಕ್ಕಾಚಾರ ನೋಡಿ! ಕೋಳಿಗೆ ಲೋಕದಲ್ಲಿ ಎಲ್ಲಕ್ಕಿಂತ ಭದ್ರವಾದ ಜಾಗ ಯಾವುದು? ಶರಣರ ಮನೆ!

ಕಾಕಾ ಅವಳ ಮಾತು ಕೇಳಿಸಿಕೊಂಡರೋ ಇಲ್ಲವೋ. ಅವರ ಕಣ್ಣು ಆ ಕತ್ತಿನ ಮೇಲೆ ನೆಟ್ಟಿತ್ತು. ಜೀವಮಾನದಲ್ಲಿ ಅಷ್ಟು ವಾರೆಯಾದದ್ದನ್ನು ಅವರು ನೋಡಿರಲಿಲ್ಲ. "ನಿನ್ನ ಸೊತ್ತು ಕಾಯ್ದಂಗ, ಅಮಾನತು ಅಂತ ಇಟ್ಕೋತೇನಿ ತಂಗಿ. ಬರೋ ಜೂನಿನಾಗ ಮಿರಗದ ಮಳಿಗಿ ಬಾ. ಕುತ್ತಿಗಿ ನೆಟ್ಟಗ ಮಾಡಿ ನಿನ್ನ ಕೈಯಾಗ ಕೊಡ್ತೇನಿ" ಎಂದರು.

"ನೆಟ್ಟಗಾಗದಿದ್ರೂ ನಡೀತದ್ರಿ. ಜೀವ ಇದ್ರ ಸಾಕು."

"ಹ್ಯಾಂಗ ನಡೀತದ? ನಡ್ಯಾಲ್ಲ!" ಎಂದು ಕಾಕಾ ಗದರಿದರು. ಗೋದಾಬಾಯಿ ನಗುತ್ತ ಹೋದಳು. ಅವತ್ತು ಅವಳು ಎಷ್ಟು ನೆಟ್ಟಗೆ ನಡೆದು ಹೋದಳು ಎಂಬುದು ನನಗೆ ಚೆನ್ನಾಗಿ ನೆನಪಿದೆ.

ಇನ್ನು ಕಾಕು. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಚನ ಹಾಡಿಯೇ ಒಲೆ ಹಚ್ಚುವ ಹೆಂಗಸು. ಕೋಳಿ ಎಂಬ ಶಬ್ದ ಆಡಿದರೂ ಬಾಯಿ ಮುಕ್ಕಳಿಸುತ್ತಿದ್ದರು. "ಅದು ಈ ಮನ್ಯಾಗ ಇರ್ಬೇಕು, ಇಲ್ಲಾ ನಾ ಇರ್ಬೇಕು" ಎಂದರು. ಕಾಕಾ ತಲೆ ಕೆರೆದುಕೊಂಡು, "ನೀ ಭಾಲ್ಕಿಗಿ ಹೋಗಬಹುದು. ಅದಕ್ಕ ಹೋಗ್ಲಿಕ್ಕ ತವರಮನಿ ಇಲ್ಲ" ಎಂದರು. ಇದು ತಮಾಷೆಯಲ್ಲ, ಕಾಕಾ ನ್ಯಾಯವಾಗಿಯೇ ತೂಗಿ ಹೇಳಿದ್ದು! ಕಾಕು ಟ್ರಂಕು ಹೊತ್ತು ಭಾಲ್ಕಿಗೆ ಹೊರಟೇಹೋದರು. ಐದನೇ ದಿನ ಟ್ರಂಕಿನ ಸಮೇತ ವಾಪಸು. ಭಾಲ್ಕಿಯಲ್ಲಿ ನಲ್ಲಿಗೆ ನೀರು ಬಂದು ಹತ್ತು ದಿನವಾಗಿತ್ತಂತೆ. ಬೀದರದಲ್ಲಿ ಎಂಟೇ ದಿನ. ಬರಗಾಲದಲ್ಲಿ ಹೆಂಗಸರು ಸಿಟ್ಟನ್ನೂ ನೀರು ನೋಡಿಯೇ ಮಾಡಬೇಕಾಗುತ್ತದೆ.

ಆ ಐದು ದಿನ ಮರಿಯ ಕೆಲಸ ನನಗೂ ಕಾಕಾನಿಗೂ. ಕೊಕ್ಕು ಆಕಾಶ ನೋಡುತ್ತಿದ್ದರೆ ನೆಲದ ಕಾಳು ತಿನ್ನುವುದು ಹೇಗೆ? ಕಾಳು ಒಂದು ಕಡೆ, ಅದು ಕುಕ್ಕುವುದು ಇನ್ನೊಂದು ಕಡೆ. ನೀರಿನ ತಟ್ಟೆ ಇಟ್ಟರೆ ತಲೆಕೆಳಗಾಗಿ ಮುಳುಗುವುದು. ಕೊನೆಗೆ ನಾನು ಇಂಕ್ ಹಾಕುವ ಫಿಲ್ಲರ್ ತೊಳೆದು ಹನಿ ಹನಿ ನೀರು ಕೊಟ್ಟೆ. ಜೋಳದ ಹಿಟ್ಟು ಕಲಸಿ ಸಣ್ಣ ಗುಳಿಗೆ ಮಾಡಿ ತಿನ್ನಿಸಿದೆ. ಅದರ ಮುಖ ಕಾಣಬೇಕಾದರೆ ನಾವೂ ನಮ್ಮ ತಲೆಯನ್ನು ಎಡಕ್ಕೆ ವಾಲಿಸಬೇಕಿತ್ತು. ಕಾಕಾ ಸುತರಾಂ ಒಪ್ಪಲಿಲ್ಲ. "ನಾ ವಾಲಿದ್ರ ಈ ಮನ್ಯಾಗ ನೆಟ್ಟಗಿರೋರು ಯಾರು?" ಎಂದು ಬುಟ್ಟಿಯನ್ನೇ ಓರೆಯಾಗಿ ಎತ್ತಿ ಹಿಡಿದು ನೋಡುತ್ತಿದ್ದರು.

ಗುಣ ಮಾಡುವ ಮೊದಲ ಪ್ರಯತ್ನ ಕಾಕಾನ ಸ್ವಂತದ್ದು. ತಕ್ಕಡಿಯ ಒಂದು ತಟ್ಟೆ ಭಾರವಾದರೆ ಇನ್ನೊಂದಕ್ಕೆ ಸಣ್ಣದೊಂದು ಭಾರ ಕಟ್ಟಿ ಸಮ ಮಾಡುತ್ತಾರೆ. ಪಾಸಂಗ ಎನ್ನುತ್ತಾರೆ ಅದಕ್ಕೆ. ಕೋಳಿ ಎಡಕ್ಕೆ ವಾಲುತ್ತದೆಯೇ? ಬಲಕ್ಕೆ ಪಾಸಂಗ ಕಟ್ಟಿ! ಎಂಟು ತೊಗರಿ ಕಾಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಮೆತ್ತನೆ ದಾರದಿಂದ ಮರಿಯ ಕತ್ತಿನ ಬಲಕ್ಕೆ ಇಳಿಬಿಟ್ಟರು. ಇಲ್ಲಿಯವರೆಗೆ ಎಡಕ್ಕೆ ಸುತ್ತುತ್ತಿದ್ದ ಕೋಳಿ ಈಗ ಬಲಕ್ಕೆ ಸುತ್ತಿತು. "ಜಾಸ್ತಿ ಆಯ್ತು" ಎಂದು ಎರಡು ಕಾಳು ತೆಗೆದರು. ಮತ್ತೆ ಎಡಕ್ಕೆ. ಒಂದು ಕಾಳನ್ನು ಒಡೆದು ಒಂದು ಬೇಳೆ ಸೇರಿಸಿದರು. ಆರೂವರೆ ಕಾಳಿಗೆ ಸರಿಯಾಯಿತು! ಮರಿ ನೆಟ್ಟಗೆ ನಿಂತಿತು. ನಮ್ಮನ್ನೆಲ್ಲ ಒಮ್ಮೆ ನೋಡಿತು. ಆಮೇಲೆ ಮುಗ್ಗರಿಸಿ ಮೂತಿಯ ಮೇಲೆ ಬಿತ್ತು.

ಆಗಷ್ಟೇ ಭಾಲ್ಕಿಯಿಂದ ಬಂದಿಳಿದಿದ್ದ ಕಾಕು ಟ್ರಂಕು ಕೆಳಗಿಡದೆ, "ಗಂಜಿನಾಗ ತೂಗುವಾಗ ಚೀಲನೂ ಹಿಂಗೇ ಬೀಳ್ತಾವೇನ್ರಿ?" ಎಂದರು.

ಕಾಕಾ ನಗಲಿಲ್ಲ. ಮರಿಯ ಎದೆ ಪುಕಪುಕ ಹೊಡೆದುಕೊಳ್ಳುತ್ತಿತ್ತು. ದಾರ ಬಿಚ್ಚಿ, ಅದನ್ನು ಅಂಗೈಯಲ್ಲಿಟ್ಟುಕೊಂಡು, "ತಪ್ಪಾಯ್ತವ್ವಾ" ಎಂದರು. ಮೂವತ್ತು ವರ್ಷದಲ್ಲಿ ಯಾವ ವ್ಯಾಪಾರಿಗೂ, ಯಾವ ರೈತನಿಗೂ ತೂಕದಲ್ಲಿ ತಪ್ಪಾಯಿತು ಎನ್ನದ ಮನುಷ್ಯ ಒಂದು ಕೋಳಿಮರಿಗೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ.

ಮರುದಿನ ಅವರು ತಿಳಿದವರನ್ನು ಕೇಳಲು ಹೊರಟರು. ಕೋಳಿಯ ವಿಷಯ ತಿಳಿದವರು ಯಾರು? ಗಂಜಿನ ಹಿಂದಿನ ಓಣಿಯ ಕೋಳಿ ಅಂಗಡಿಯವನು! ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿಕೊಂಡ ಕಾಕಾ ಆ ಅಂಗಡಿಯ ಮೆಟ್ಟಿಲು ಹತ್ತಿದ್ದನ್ನು ಕಂಡು ಅರ್ಧ ಓಣಿ ಹೊರಗೆ ಬಂತು. ಅಂಗಡಿಯವನು ಮರಿಯನ್ನು ತಿರುಗಿಸಿ ನೋಡಿ, "ಕಾಕಾ, ನಮ್ಮ ದುಕಾನದಾಗ ಕುತ್ತಿಗಿ ಬ್ಯಾನಿಗಿ ಒಂದೇ ಇಲಾಜ್ ಅದ. ನಿಮಗ ನಡ್ಯಾಲ್ಲ" ಎಂದ. ಆಮೇಲೆ ನಗು ನಿಲ್ಲಿಸಿ ಅವನೇ ದಾರಿ ತೋರಿಸಿದ. ಔರಾದದಲ್ಲಿ ದನದ ದವಾಖಾನೆಯಿಂದ ನಿವೃತ್ತರಾದ ಕಂಪೌಂಡರ್ ಒಬ್ಬರಿದ್ದಾರೆ, ಕೋಳಿಗಳಿಗೆ ಅವರ ಕೈಗುಣ ಒಳ್ಳೆಯದು, ಹೋಗಿ ಬನ್ನಿ ಎಂದ.

ಭಾನುವಾರ ನಾವು ಮೂವರು ಔರಾದ ಬಸ್ಸು ಹತ್ತಿದೆವು. ಮೂರನೆಯವರು ಕಾಕು ಅಲ್ಲ, ಕೋಳಿ. "ಇದಕ್ಕ ಅರ್ಧ ಟಿಕೆಟ್ ಆಗ್ತದ್ರಿ" ಎಂದ ಕಂಡಕ್ಟರ್. "ಪೂರಾ ತಗೋಪ್ಪಾ, ಬ್ಯಾನಿ ಅದ, ಕಿಟಕಿ ಕಡಿ ಸೀಟ್ ಕೊಡು" ಎಂದರು ಕಾಕಾ. ಬುಟ್ಟಿಯಲ್ಲಿ ಕುಳಿತ ಮರಿ ತನ್ನ ರೂಢಿಯಂತೆ ಬಸ್ಸಿನ ಚಾವಣಿಯನ್ನೇ ದಿಟ್ಟಿಸುತ್ತಿತ್ತು. ಪಕ್ಕದ ಮುದುಕಿ ಏನಿದೆ ಎಂದು ತಾನೂ ಮೇಲೆ ನೋಡಿದಳು. ಅವಳನ್ನು ನೋಡಿ ಹಿಂದಿನ ಸೀಟಿನವರು ನೋಡಿದರು. ಸಂತಪುರ ಬರುವಷ್ಟರಲ್ಲಿ ಇಡೀ ಬಸ್ಸು ಕತ್ತೆತ್ತಿ ಕುಳಿತಿತ್ತು! "ಅದಕ್ಕ ಕುತ್ತಿಗಿ ಬ್ಯಾನಿ ಅದ್ರಿ. ನಿಮಗೇನಾಗ್ಯಾದ?" ಎಂದು ಕಾಕಾ ರೇಗಿದರು.

ನಿಜ ಹೇಳಬೇಕೆಂದರೆ ಆ ವರ್ಷ ಜಿಲ್ಲೆಗೆ ಜಿಲ್ಲೆಯೇ ಮೇಲೆ ನೋಡುತ್ತಿತ್ತು. ನಮ್ಮ ಎದುರಿನಿಂದ ಬರುತ್ತಿದ್ದ ಬಸ್ಸುಗಳ ಮೇಲೆಲ್ಲ ಹಾಸಿಗೆಯ ಗಂಟು, ಪಾತ್ರೆಯ ಚೀಲ. ಹಳ್ಳಿಗಳ ಮನೆಗೆ ಬೀಗ. ಕಾಕಾ ಸ್ವಲ್ಪ ಹೊತ್ತು ಕಿಟಕಿಯಿಂದ ಅದನ್ನೇ ನೋಡಿ, ಬುಟ್ಟಿಯನ್ನು ತೊಡೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

ಕಂಪೌಂಡರ್ ಸಾಹೇಬರು ಪಾಸಂಗದ ಕತೆ ಕೇಳಿ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಮರಿಯ ತಲೆಯ ಕೆಳಗೆ ಎರಡು ಬೆರಳಿಟ್ಟು, ಮೆಲ್ಲಗೆ, ಬಹಳ ಮೆಲ್ಲಗೆ ನಡುವಿಗೆ ತಂದು ಹಿಡಿದರು. ಮರಿ ಕಣ್ಣು ಮುಚ್ಚಿತು. "ಮುಂಜಾನಿ ಸಂಜಿ ಹಿಂಗ ಹಿಡೀರಿ. ಮಂದಿ ತಿನ್ನೋ ವಿಟಮಿನ್ ಗುಳಿಗಿ ಅದ, ಚುಚ್ಚಿ ಒಂದು ಹನಿ ಹಾಕ್ರಿ. ಸೂರ್ಯಕಾಂತಿ ಬೀಜ ಅರದು ತಿನ್ನಸ್ರಿ. ಬೆಚ್ಚಗಿಡ್ರಿ, ಅಂಜಸಬ್ಯಾಡ್ರಿ" ಎಂದರು.

"ಎಷ್ಟು ದಿನಕ್ಕ ನೆಟ್ಟಗಾಗ್ತದ್ರಿ?"

"ಇದು ನಿಮ್ಮ ತಕ್ಕಡಿ ಅಲ್ರಿ, ಜೀವ ಅದ. ಕಲ್ಲು ಹಾಕಿದ್ರ ಬರಲ್ಲ, ಕೈ ಹಿಡದ್ರ ಬರ್ತದ. ಅವಸರ ಮಾಡಬ್ಯಾಡ್ರಿ."

ಅಂದಿನಿಂದ ಕಾಕಾನ ದಿನಚರಿಯೇ ಬದಲಾಯಿತು. ಬೆಳಿಗ್ಗೆ ಗಂಜಿಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ, ಕಟ್ಟೆಯ ಮೇಲೆ ಕುಳಿತು ಕೋಳಿಯ ತಲೆಗೆ ಎರಡು ಬೆರಳು. ಜೋಳದ ಹೊಟ್ಟನ್ನು ಬಟ್ಟೆಯ ಚೀಲದಲ್ಲಿ ಹೊಲಿಸಿ, ಹಂಚಿನ ಮೇಲೆ ಬೆಚ್ಚಗೆ ಮಾಡಿ, ಕತ್ತಿಗೆ ಶಾಖ. ದಾರಿಯಲ್ಲಿ ಹೋಗುವವರ ಟೋಪಿ ಎಷ್ಟು ವಾರೆಯಿದ್ದರೂ ಆ ಹೊತ್ತಿನಲ್ಲಿ ಕಾಕಾ ಏಳುತ್ತಿರಲಿಲ್ಲ. ಓಣಿಯ ಗಂಡಸರು ಬಂದು, "ಕಾಕಾ, ನಿಮ್ಮ ಕೋಳಿ ಮ್ಯಾಲೇ ನೋಡ್ತದಲ್ಲ, ಮಳಿದು ಏನರೆ ಸುದ್ದಿ ಹೇಳ್ತದೇನ್ರಿ?" ಎಂದು ಕೆಣಕುವರು. "ಹೇಳ್ಯಾದ. ಮಳಿ ಬರೋತನಕ ಬಾಯಿ ಮುಚ್ಕೊಂಡಿರ್ರಿ ಅಂತ ಹೇಳ್ಯಾದ" ಎನ್ನುವರು ಇವರು.

ಕಾಕು ಸೋತದ್ದು ಯಾವಾಗ? ಸರಿಯಾಗಿ ಗೊತ್ತಿಲ್ಲ. ಒಂದು ದಿನ ನಾನು ಸಾಲೆಯಿಂದ ಬೇಗ ಬಂದೆ. ಒಳಗಿಂದ ವಚನ ಕೇಳುತ್ತಿತ್ತು. ನೋಡಿದರೆ ಕಾಕು ಗೋಡೆಗೊರಗಿ ಕುಳಿತು ಹಾಡುತ್ತಿದ್ದಾರೆ, ಮಡಿಲಲ್ಲಿ ಕೋಳಿ, ಅದರ ಗಲ್ಲದ ಕೆಳಗೆ ಎರಡು ಬೆರಳು! ನನ್ನನ್ನು ಕಂಡು ಕೆಂಪಾದರು. "ಕೈ ಖಾಲಿ ಇತ್ತು, ಹಿಡದೆ. ನಿಮ್ಮ ಕಾಕಾಗ ಹೇಳಬ್ಯಾಡ" ಎಂದರು. ಸೂರ್ಯಕಾಂತಿ ಬೀಜದ ಡಬ್ಬಿ ಅಷ್ಟು ಬೇಗ ಯಾಕೆ ಖಾಲಿಯಾಗುತ್ತಿದೆ ಎಂಬುದು ನನಗೆ ಅವತ್ತು ತಿಳಿಯಿತು.

ಕತ್ತು ದಿನಕ್ಕೊಂದು ಎಳೆ, ವಾರಕ್ಕೊಂದು ಬೆರಳು ನಡುವಿಗೆ ಬಂತು. ಸಂಕ್ರಾಂತಿಗೆ ತಾನೇ ಕಾಳು ಕುಕ್ಕಿತು. ಹೋಳಿ ಹುಣ್ಣಿಮೆಯ ಹಲಗೆಯ ಸದ್ದಿಗೆ ಬೆದರಿ ಕತ್ತು ಪೂರ್ತಿ ಹಿಂದಕ್ಕೆ ತಿರುಚಿತು! ನಾಲ್ಕು ತಿಂಗಳ ಶ್ರಮ ಒಂದು ಗಳಿಗೆಯಲ್ಲಿ ಹೋಯಿತು. ಕಾಕಾ ಅವತ್ತು ರೊಟ್ಟಿ ಮುಟ್ಟಲಿಲ್ಲ. "ಗೋದಾಬಾಯಿಗಿ ಏನಂತ ಹೇಳ್ಲಿ?" ಎಂದು ಒಂದೇ ಮಾತು. ಕಾಕು ತಾವೇ ಹೊಟ್ಟಿನ ಚೀಲ ಬೆಚ್ಚಗೆ ಮಾಡಿ ತಂದು ಮುಂದಿಟ್ಟು, "ಮತ್ತ ಮೊದಲಿಂದ ಹಿಡೀರಿ. ಯಾರು ಬ್ಯಾಡಂದಾರ?" ಎಂದರು. ಕಾಕಾ ಮೊದಲಿಂದ ಹಿಡಿದರು.

ಬೇಸಿಗೆಯಲ್ಲಿ ಹೊಸ ಫಜೀತಿ. ಕಾಕುವಿನ ಮಡಿಕೆ ಹಾಕಿದ ಸೀರೆಯ ಮೇಲೆ ಒಂದು ತತ್ತಿ! ಶರಣರ ಮನೆಯಲ್ಲಿ ತತ್ತಿ! ಕಾಕು ಕೂಗಿದ ಕೂಗಿಗೆ ಓಣಿ ಕೂಡಿತು. ಕಾಕಾ ಮಾತ್ರ ಶಾಂತವಾಗಿ, "ಕೋಳಿ ಅಮಾನತು ಅಂದ್ಮ್ಯಾಲ ತತ್ತಿನೂ ಅಮಾನತು. ಆಕಿ ಬಂದಾಗ ಎಲ್ಲಾ ಕೂಡಿ ಕೊಡೋಣ" ಎಂದರು. ಸರಿ, ಇಡುವುದು ಹೇಗೆ? ತತ್ತಿ ಮುಟ್ಟಿಯೇ ಗೊತ್ತಿಲ್ಲದ ಮನೆ ನಮ್ಮದು. ಗಂಜಿನವರಿಗೆ ತಿಳಿದಿರುವುದು ಒಂದೇ ವಿದ್ಯೆ, ಕಾಳು ಕೆಡದಂತೆ ಇಡುವುದು. ಗಡಿಗೆಯ ತಳಕ್ಕೆ ಒಣಗಿದ ಬೇವಿನ ಸೊಪ್ಪು, ಮೇಲೆ ತತ್ತಿ, ಮತ್ತೆ ಬೇವು, ಮತ್ತೆ ತತ್ತಿ, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲು ಮಾಳಿಗೆಯ ಮೇಲೆ! "ಹಿಂಗಿಟ್ರ ತೊಗರಿ ಎರಡು ವರ್ಷ ಹುಳ ಹಿಡಿಯಲ್ಲ" ಎಂದರು ಕಾಕಾ. ನಾನು ಬಿ.ಎಡ್. ಓದಿದವಳು, ನನಗೂ ಅದು ಸರಿಯೆನಿಸಿತು ನೋಡಿ.

ನಾಲ್ಕನೇ ವಾರ ನಡುಮಧ್ಯಾಹ್ನ ಮಾಳಿಗೆಯ ಮೇಲೆ ಢಬ್ ಎಂದಿತು. ಆಮೇಲೆ ಇನ್ನೊಂದು. ಆಮೇಲೆ ವಾಸನೆ! ಆ ವಾಸನೆಯನ್ನು ನಾನು ಬಣ್ಣಿಸುವುದಿಲ್ಲ, ನೀವು ಊಟ ಮಾಡಿರುತ್ತೀರಿ. ಪಕ್ಕದ ಮನೆಯವರು ಗ್ಯಾಸ್ ಸೋರುತ್ತಿದೆ ಎಂದು ಮಕ್ಕಳನ್ನೆತ್ತಿಕೊಂಡು ಬಯಲಿಗೆ ಓಡಿದರು. ಕೋಳಿ ಅಂಗಡಿಯವನು ಮೂಗು ಮುಚ್ಚಿಕೊಂಡು ಬಂದು, "ಕಾಕಾ, ತತ್ತಿ ಅಂದ್ರ ತೊಗರಿ ಅಲ್ರಿ!" ಎಂದು ನಕ್ಕು ನಕ್ಕು ಕಟ್ಟೆಯ ಮೇಲೆ ಕುಳಿತುಬಿಟ್ಟ. ಅಲ್ಲಿಂದ ಮುಂದೆ ತತ್ತಿಗಳೆಲ್ಲ ಓಣಿಯ ಬಡ ಬಾಣಂತಿಯೊಬ್ಬಳಿಗೆ ಹೋದವು. "ಗೋದಾಬಾಯಿಗಿ ಹೇಳಬೇಕು, ಆಕಿ ಬ್ಯಾಡ ಅನ್ನಲ್ಲ" ಎಂದು ಕಾಕಾ ಪ್ರತಿ ಸಲ ಹೇಳುವರು.

ಆದರೆ ಗೋದಾಬಾಯಿ ಎಲ್ಲಿ? ಮಿರಗ ಬಂತು. ಈ ಸಲ ಮಳೆಯನ್ನೂ ತಂದಿತು. ಬೀಗ ಹಾಕಿದ್ದ ಮನೆಗಳು ಒಂದೊಂದೇ ತೆರೆದವು. ಗಂಜಿನ ಹಮಾಲರು ಮರಳಿದರು. ಗೋದಾಬಾಯಿ ಬರಲಿಲ್ಲ. ಕಾಕಾ ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ಪುಣೆಯ ಬಸ್ಸು ಇಳಿಯುವವರನ್ನು ವಿಚಾರಿಸತೊಡಗಿದರು. ಹೋದವರೆಲ್ಲ ಬರುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಕೋಳಿಯ ಕತ್ತು ಒಂದು ಕೂದಲೆಳೆ ಬಿಟ್ಟು ಪೂರ್ತಿ ನೆಟ್ಟಗಾಗಿತ್ತು. ಆ ಒಂದು ಎಳೆ ಏನು ಮಾಡಿದರೂ ಹೋಗಲಿಲ್ಲ. ಕಾಕಾನಿಗೆ ಅದೇ ಕೊರಗು. ಅವಳು ಬಂದರೆ ಏನೆನ್ನಬೇಕು ಎಂದು ಮಾತು ಕೂಡಿಸುತ್ತಿದ್ದರು.

ಶ್ರಾವಣದ ಒಂದು ಬೆಳಿಗ್ಗೆ ಬಾಗಿಲಲ್ಲಿ, "ಅಣ್ಣಾರ" ಎಂಬ ದನಿ ಕೇಳಿತು.

ಕಾಕಾ ಕೋಳಿಯನ್ನು ಎತ್ತಿಕೊಂಡೇ ಓಡಿದರು. "ಬಾ ತಂಗಿ! ನೋಡು, ಒಂದೇ ಒಂದು ಕೂದಲೆಳಿ ಉಳದದ, ಅದನ್ನ ತಪ್ಪು ತಿಳ್ಕೋಬ್ಯಾಡ..." ಎಂದವರು ಅಲ್ಲಿಗೇ ನಿಂತರು.

ಗೋದಾಬಾಯಿಯ ಕತ್ತು ಎಡಕ್ಕೆ ವಾಲಿತ್ತು. ಭುಜದ ಕಡೆಗೆ ಬಾಗಿ ಅಲ್ಲೇ ನಿಂತುಬಿಟ್ಟಿತ್ತು. ನಮ್ಮನ್ನು ನೋಡಲು ಅವಳು ಕಣ್ಣನ್ನಷ್ಟೇ ಮೇಲೆತ್ತಬೇಕಿತ್ತು.

"ಉಸುಕಿನ ಬುಟ್ಟಿ ಹೊತ್ತು ಐದು ಮಾಳಿಗಿ ಏರ್ತಿದ್ದೆನ್ರಿ. ಒಂದಿನ ಕಟಕ್ ಅಂತು. ಡಾಕ್ಟರಿಗಿ ತೋರಿಸಿದ್ರ, ಮಾಲೀಶ್ ಮಾಡಸ್ಕೊಂಡು ಆರಾಮ ಇರು ಅಂದ್ರು. ಆರಾಮ ಎಲ್ಲಿಂದ ತರಬೇಕ್ರಿ? ಅದಕ್ಕೇ ಬರಲಿಕ್ಕ ತಡ ಆಯ್ತು" ಎಂದಳು. ಹೇಳುತ್ತಲೇ ಕೋಳಿಯನ್ನು ಕೈಗೆ ತೆಗೆದುಕೊಂಡು, "ಅಯ್ಯ ನನ್ನವ್ವಾ, ನೀ ನೆಟ್ಟಗಾದಿ!" ಎಂದು ನಕ್ಕಳು.

ಕಾಕಾನ ಎರಡೂ ಕೈ ಮೇಲೆದ್ದಿದ್ದವು. ಟೋಪಿ ನೆಟ್ಟಗೆ ಮಾಡುವಾಗ ಏಳುವ ಅವೇ ಕೈ. "ಜರಾ ನಿಲ್ರಿ" ಎಂದು ಎಲ್ಲಿ ಹೇಳಿಬಿಡುತ್ತಾರೋ ಎಂದು ಹೆದರಿದೆ. ಕಾಕಾ ಕೈ ಕೆಳಗಿಳಿಸಿದರು. ಆಮೇಲೆ ತಮ್ಮ ತಲೆಯನ್ನು ನಿಧಾನವಾಗಿ ಎಡಕ್ಕೆ ವಾಲಿಸಿದರು. ಅವಳ ಕಣ್ಣಿಗೆ ಕಣ್ಣು ಸಮವಾಗುವವರೆಗೆ ವಾಲಿಸಿ, ಹಾಗೆಯೇ ನಿಂತರು. ಮೂವತ್ತು ವರ್ಷದಲ್ಲಿ ಯಾರಿಗೂ ವಾಲದಿದ್ದ ಕತ್ತು!

"ಕೂಡು ತಂಗಿ. ಇದಕ್ಕ ಒಂಬತ್ತು ತಿಂಗಳು ಹಿಡೀತು. ಅವಸರ ಏನಿಲ್ಲ" 
ಎಂದರು ಕಾಕಾ.

ಕಾಕು ಆಗಲೇ ಒಳಗೆ ಹೋಗಿ ಹಂಚಿನ ಮೇಲೆ ಹೊಟ್ಟಿನ ಚೀಲ ಇಟ್ಟಿದ್ದರು. ಗೋದಾಬಾಯಿಯನ್ನು ಚಾಪೆಯ ಮೇಲೆ ಕೂರಿಸಿ, ಕತ್ತಿಗೆ ಶಾಖ ಕೊಡುತ್ತ, ಗಲ್ಲದ ಕೆಳಗೆ ಎರಡು ಬೆರಳಿಟ್ಟು ಮೆಲ್ಲಗೆ ಹಿಡಿದರು. ಗೋದಾಬಾಯಿ ಕಣ್ಣು ಮುಚ್ಚಿದಳು. ಕೋಳಿ ಅವಳ ಮಡಿಲಲ್ಲಿ ಕುಳಿತಿತ್ತು.

ಅಷ್ಟರಲ್ಲಿ ಗಂಜಿನಿಂದ ಹಮಾಲನೊಬ್ಬ ಓಡಿಬಂದ. ಎರಡು ವರ್ಷದ ಮೇಲೆ ಮೊದಲ ಸಲ ಹೊಸ ಹೆಸರುಕಾಳಿನ ಚೀಲಗಳು ಬಂದಿದ್ದವು. "ಕಾಕಾ, ಲಗೂ ಬರ್ರಿ, ಎಲ್ಲರೂ ನಿಮ್ಮ ದಾರಿ ನೋಡ್ಲತ್ತಾರ" ಎಂದ.

ಗೋದಾಬಾಯಿಯ ಎದುರು ಕುಳಿತಿದ್ದ ಕಾಕಾ ವಾಲಿಸಿದ ಕತ್ತನ್ನು ನೆಟ್ಟಗೆ ಮಾಡದೆಯೇ ಹೇಳಿದರು: "ತಕ್ಕಡಿ ಜರಾ ನಿಲ್ಲಲಿ."